ಬೆಂಕಿಯ ಹೊಣೆ ಯಾರದು?

ಸಾಂಗಲಿ ಜಿಲ್ಲೆಯ ಪೂರ್ವ ಭಾಗದಲ್ಲಿ ಜತ್ತ ತಾಲೂಕು ಇದೆ. ಇದು ಕರ್ನಾಟಕದ ಗಡಿಗೆ ಹೊಂದಿಕೊಂಡ ಪ್ರದೇಶ. ಇಲ್ಲಿ ಮಳೆ ಕಡಿಮೆ. ಹಿಂಗಾರಿ ಜೋಳ ಇಲ್ಲಿಯ ಮುಖ್ಯ ಬೆಳೆಗಳಲ್ಲಿ ಒಂದು. ಜೋಳದ ರಾಶಿ ಮುಗಿದ ಮೇಲೆ ರೈತರು ಕಣಿಕೆಯನ್ನು ಹಿತ್ತಲಲ್ಲಿ ಬಣವೆ ಒಟ್ಟುತ್ತಾರೆ. ದನಕರುಗಳು ಬೇಸಿಗೆಯನ್ನು ಕಳೆಯಲು ಅದೇ ಆಧಾರ. ಉಮದಿ, ಸಂಖ, ಮಾಡಗ್ಯಾಳದಂಥ ಊರುಗಳ ಪೇಟೆಯಲ್ಲಿ ಅಂಗಡಿಗಳು ಸಾಲಾಗಿ ಇರುತ್ತವೆ. ಕಿರಾಣಿ ಅಂಗಡಿ, ಅದರ ಪಕ್ಕಕ್ಕೆ ಬಟ್ಟೆ ಅಂಗಡಿ, ಅದರಾಚೆಗೆ ಖಾನಾವಳಿ. ಎಷ್ಟೋ ಕಡೆ ಎರಡು ಅಂಗಡಿಗಳ ನಡುವೆ ಒಂದೇ ಗೋಡೆ ಇರುತ್ತದೆ.

ನೆರೆಯವರು ಹತ್ತಿರವಿದ್ದರೆ ಒಳ್ಳೆಯದು. ಹೊತ್ತಿಗೆ ಆಗುವವರು ಅವರೇ. ಆದರೆ ಒಂದು ಕಡೆ ಬೆಂಕಿ ಬಿದ್ದರೆ ಈ ಹತ್ತಿರವೇ ಬೆಂಕಿಗೆ ದಾರಿಯಾಗುತ್ತದೆ. ಒಂದು ಬಣವೆಯಿಂದ ಇನ್ನೊಂದು ಬಣವೆಗೆ, ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಅದು ಹಾರುತ್ತದೆ. ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ ಆರಿಸಲು ನೀರೂ ಸಾಕಾಗುವುದಿಲ್ಲ.

ಹೀಗೆ ಕಲ್ಪಿಸಿಕೊಳ್ಳಿರಿ. ಒಂದು ಪೇಟೆಯ ಖಾನಾವಳಿಯಲ್ಲಿ ಬೆಂಕಿ ಹೊತ್ತಿತು. ಗಾಳಿಗೆ ಅದು ಪಕ್ಕದ ಬಟ್ಟೆ ಅಂಗಡಿಗೆ ಹಬ್ಬಿತು. ಅದರಾಚೆಯ ಹೊಲಿಗೆ ಅಂಗಡಿಯನ್ನೂ ಸುಟ್ಟಿತು. ಬಟ್ಟೆ ಅಂಗಡಿಯವರು ಹಬ್ಬಕ್ಕಾಗಿ ಸಾಲ ಮಾಡಿ ಮಾಲು ತಂದಿದ್ದರು. ಹೊಲಿಗೆಯವರ ಎರಡು ಯಂತ್ರಗಳೇ ಅವರ ಮನೆಯ ಅನ್ನಕ್ಕೆ ದಾರಿಯಾಗಿದ್ದವು. ಅವರಿಬ್ಬರೂ ಯಾವ ತಪ್ಪನ್ನೂ ಮಾಡಿರಲಿಲ್ಲ. ಖಾನಾವಳಿಯವರೂ ಬೇಕೆಂದು ಬೆಂಕಿ ಹಚ್ಚಿರಲಿಲ್ಲ. ಹಾಗಾದರೆ ಈ ನಷ್ಟವನ್ನು ಯಾರು ತುಂಬಿಕೊಡಬೇಕು? "ಅವರ ದೈವ" ಎಂದು ಸುಮ್ಮನಿರಬೇಕೆ? ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರವನ್ನು ಈ ಪಾಠದಲ್ಲಿ ತಿಳಿಯೋಣ.

ಬೆಂಕಿ ಬೀಳುವ ಮೂರು ಬಗೆ

ಬೆಂಕಿ ಹೇಗೆ ಬಿತ್ತು ಎಂಬುದನ್ನು ಕಾನೂನು ಮೊದಲು ನೋಡುತ್ತದೆ. ಅದರಲ್ಲಿ ಮೂರು ಬಗೆಗಳುಂಟು.

ಒಂದನೆಯದು, ಬೇಕೆಂದು ಹಚ್ಚಿದ ಬೆಂಕಿ. ದ್ವೇಷದಿಂದ ಇನ್ನೊಬ್ಬರ ಬಣವೆಗೋ ಮನೆಗೋ ಬೆಂಕಿ ಇಡುವುದು ದೊಡ್ಡ ಅಪರಾಧ. ಮನೆಗೆ ಬೆಂಕಿ ಇಟ್ಟವನಿಗೆ ಜೀವಾವಧಿ ಶಿಕ್ಷೆಯೂ ಆಗಬಹುದು.

ಎರಡನೆಯದು, ಯಾರ ತಪ್ಪೂ ಇಲ್ಲದೆ ಬಿದ್ದ ಬೆಂಕಿ. ಸಿಡಿಲು ಬಡಿದು ಬಣವೆ ಹೊತ್ತಿಕೊಂಡಿತು ಎನ್ನೋಣ. ಅದನ್ನು ಯಾರೂ ತಡೆಯಲಾರರು. ಅಂಥ ಬೆಂಕಿ ಪಕ್ಕದ ಬಣವೆಯನ್ನು ಸುಟ್ಟರೂ ಮೊದಲ ಬಣವೆಯವರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಮೂರನೆಯದು, ನಿಷ್ಕಾಳಜಿಯಿಂದ ಬಿದ್ದ ಬೆಂಕಿ. ಕೆಟ್ಟ ಮನಸ್ಸು ಇರಲಿಲ್ಲ. ಆದರೆ ಮಾಡಬೇಕಾದ ಕಾಳಜಿಯನ್ನು ಮಾಡಲಿಲ್ಲ. ಒಲೆಯ ಮೇಲೆ ಎಣ್ಣೆಯ ಬಾಣಲೆ ಇಟ್ಟು ಹೊರಗೆ ಹೋಗುವುದು, ಸೇದಿದ ಬೀಡಿಯನ್ನು ಆರಿಸದೆ ಎಸೆಯುವುದು, ಸುಲಿದುಹೋದ ವಾಯರನ್ನು ಹಾಗೆಯೇ ಬಿಡುವುದು ಇವೆಲ್ಲ ನಿಷ್ಕಾಳಜಿಯ ಉದಾಹರಣೆಗಳು. ಇದಕ್ಕೆ ನಿರ್ಲಕ್ಷ್ಯ ಎಂದೂ ಹೇಳುತ್ತಾರೆ.

"ನಾನು ಬೇಕೆಂದು ಮಾಡಲಿಲ್ಲ" ಎಂಬ ಮಾತು ಒಂದನೆಯ ಬಗೆಯ ಆರೋಪದಿಂದ ಪಾರು ಮಾಡಬಹುದು. ಮೂರನೆಯ ಬಗೆಯ ಹೊಣೆಯಿಂದ ಪಾರು ಮಾಡುವುದಿಲ್ಲ. ಇದು ಹೇಗೆ ಎಂಬುದಕ್ಕೆ ಒಂದು ಹಳೆಯ ಮೊಕದ್ದಮೆಯನ್ನು ನೋಡೋಣ.

ಒಂದು ಬಣವೆಯ ಮೊಕದ್ದಮೆ

ಇದು ಇಂಗ್ಲೆಂಡಿನಲ್ಲಿ ನಡೆದದ್ದು. ಮೆನ್‌ಲವ್ ಎಂಬವನು ತನ್ನ ಹೊಲದ ಗಡಿಯ ಹತ್ತಿರ ಹುಲ್ಲಿನ ಬಣವೆ ಒಟ್ಟಿದ್ದನು. ಗಡಿಯಾಚೆಗೆ ವಾನ್ ಎಂಬವನ ಸಣ್ಣ ಮನೆಗಳಿದ್ದವು. ಬಣವೆಯ ಸ್ಥಿತಿಯನ್ನು ನೋಡಿದ ಜನರು, ಇದು ತಾನಾಗಿಯೇ ಹೊತ್ತಿಕೊಳ್ಳಬಹುದು ಎಂದು ಮೆನ್‌ಲವ್‌ನಿಗೆ ಎಚ್ಚರಿಕೆ ಕೊಟ್ಟರು.

ಬಣವೆ ತಾನಾಗಿಯೇ ಹೊತ್ತುವುದು ಹೇಗೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಹುಲ್ಲು ಪೂರ್ತಿ ಒಣಗುವ ಮೊದಲೇ ಒತ್ತಿ ಒಟ್ಟಿದರೆ ಅದರೊಳಗೆ ತೇವ ಉಳಿಯುತ್ತದೆ. ಆ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವುಗಳಿಂದ ಶಾಖ ಹುಟ್ಟುತ್ತದೆ. ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿಯಾಗಿರುವುದು ಇದೇ ಕಾರಣದಿಂದ. ದೊಡ್ಡ ಬಣವೆಯ ನಡುವಿನ ಶಾಖಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅದು ಏರುತ್ತ ಏರುತ್ತ ಕೊನೆಗೆ ಹುಲ್ಲು ಹೊತ್ತಿಕೊಳ್ಳುತ್ತದೆ.

ಸುಮಾರು ಐದು ವಾರಗಳವರೆಗೆ ಜನರು ಮತ್ತೆ ಮತ್ತೆ ಹೇಳಿದರು. ಆದರೆ ಮೆನ್‌ಲವ್ ಬಣವೆಯನ್ನು ಕೀಳಿಸಲಿಲ್ಲ. ಅವನ ಮಾಲಿಗೆ ವಿಮೆ ಇತ್ತು. ಆದದ್ದಾಗಲಿ ನೋಡೋಣ ಎಂಬ ಅರ್ಥದ ಮಾತನ್ನು ಆಡಿದನು. ಬಣವೆಯ ನಡುವೆ ಗಾಳಿ ಆಡಲು ಒಂದು ಕಿಂಡಿಯನ್ನು ಮಾತ್ರ ಮಾಡಿಸಿದನು. ಒಂದು ದಿನ ಬಣವೆ ಹೊತ್ತಿ ಉರಿಯಿತು. ಮೊದಲು ಅವನ ಕೊಟ್ಟಿಗೆ ಸುಟ್ಟಿತು. ಅಲ್ಲಿಂದ ಬೆಂಕಿ ಗಡಿಯನ್ನು ದಾಟಿ ವಾನನ ಮನೆಗಳನ್ನು ಬೂದಿ ಮಾಡಿತು.

ವಾನ್ ನ್ಯಾಯಾಲಯಕ್ಕೆ ಹೋದನು. ಮೆನ್‌ಲವ್‌ನ ಪರವಾಗಿ ಹೀಗೆ ವಾದಿಸಲಾಯಿತು: ಅವನು ತನ್ನ ಬುದ್ಧಿಗೆ ತೋಚಿದಂತೆ ಪ್ರಾಮಾಣಿಕವಾಗಿ ನಡೆದಿದ್ದಾನೆ; ಅವನಿಗೆ ಹೆಚ್ಚಿನ ಬುದ್ಧಿ ಇಲ್ಲದಿದ್ದರೆ ಅದು ಅವನ ತಪ್ಪಲ್ಲ. 1837 ರಲ್ಲಿ ನ್ಯಾಯಾಧೀಶರು ಈ ವಾದವನ್ನು ಒಪ್ಪಲಿಲ್ಲ. ಒಬ್ಬೊಬ್ಬರ ಬುದ್ಧಿಯನ್ನು ಅಳೆಯುತ್ತ ಕುಳಿತರೆ ಕಾನೂನಿಗೆ ಒಂದು ಅಳತೆಯೇ ಉಳಿಯುವುದಿಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆ ಇರಬೇಕು. ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥ ಸಮಯದಲ್ಲಿ ಎಷ್ಟು ಕಾಳಜಿ ಮಾಡುತ್ತಿದ್ದನೋ ಅಷ್ಟು ಕಾಳಜಿಯನ್ನು ಪ್ರತಿಯೊಬ್ಬನೂ ಮಾಡಬೇಕು ಎಂದು ಅವರು ತೀರ್ಪು ಕೊಟ್ಟರು.

ಈ ಅಳತೆಯನ್ನು ನಮ್ಮ ದೇಶದ ನ್ಯಾಯಾಲಯಗಳೂ ಬಳಸುತ್ತವೆ. ಅದು ಮಹಾಪಂಡಿತರ ಜಾಣತನವನ್ನು ಕೇಳುವುದಿಲ್ಲ. ಊರಿನ ಒಬ್ಬ ವಿವೇಕಿ ಮನುಷ್ಯ ಮಾಡುವಷ್ಟು ಎಚ್ಚರಿಕೆಯನ್ನು ಮಾತ್ರ ಕೇಳುತ್ತದೆ.

ಮುಂಬಯಿ ಬಂದರಿನ ಬೆಂಕಿ

ಈಗ ನಮ್ಮ ಮಹಾರಾಷ್ಟ್ರದಲ್ಲಿಯೇ ನಡೆದ ಒಂದು ಘಟನೆಯನ್ನು ನೋಡೋಣ. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲವದು. ಫೋರ್ಟ್ ಸ್ಟಿಕೀನ್ ಎಂಬ ಹಡಗು ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ನು ಸ್ಫೋಟಕಗಳಿದ್ದವು. ದಾರಿಯಲ್ಲಿ ಕರಾಚಿಯಲ್ಲಿ ಸಾವಿರಾರು ಹತ್ತಿಯ ಅಂಡಿಗೆಗಳನ್ನೂ ಎಣ್ಣೆಯನ್ನೂ ಅದರಲ್ಲಿ ತುಂಬಿದ್ದರು. ಹತ್ತಿ ಎಷ್ಟು ಬೇಗ ಹೊತ್ತುತ್ತದೆ ಎಂಬುದು ನಿಮಗೆ ಗೊತ್ತು.

1944 ರ ಏಪ್ರಿಲ್ 14 ರಂದು ಮಧ್ಯಾಹ್ನ ಹಡಗಿನ ಒಳಗಿನಿಂದ ಹೊಗೆ ಬರುವುದು ಕಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಸುರಿದರು. ಆದರೆ ಬೆಂಕಿಯ ಮೂಲ ಸಿಗಲಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಹಡಗು ಭಯಂಕರವಾಗಿ ಸ್ಫೋಟಿಸಿತು. ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಸ್ಫೋಟವಾಯಿತು. ದೂರದ ಶಿಮ್ಲಾದಲ್ಲಿರುವ ಭೂಕಂಪಮಾಪಕ ಯಂತ್ರದಲ್ಲಿಯೂ ಅದರ ಕಂಪನ ದಾಖಲಾಯಿತು. ಉರಿಯುವ ಹತ್ತಿ ಆಕಾಶಕ್ಕೆ ಹಾರಿ ಸುತ್ತಲಿನ ಗೋದಾಮು, ಅಂಗಡಿ, ಮನೆಗಳ ಮೇಲೆ ಬಿದ್ದಿತು. ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಅವುಗಳಲ್ಲಿ ಒಂದು ದೂರದ ಒಂದು ಮನೆಯ ಮಾಳಿಗೆಯನ್ನು ಒಡೆದು ಒಳಗೆ ಬಿದ್ದಿತಂತೆ!

ಈ ದುರಂತದಲ್ಲಿ ನೂರಾರು ಜನರು ಸತ್ತರು. ಬೆಂಕಿಯನ್ನು ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಸುಮಾರು 80,000 ಜನರು ಮನೆ ಕಳೆದುಕೊಂಡರು. ಸಾವಿರಾರು ವ್ಯಾಪಾರಿ ಸಂಸ್ಥೆಗಳಿಗೆ ನಷ್ಟವಾಯಿತು. ಸಾವಿರಾರು ಜನರ ಕೆಲಸ ಹೋಯಿತು. ಈ 66 ವೀರರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14 ನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ.

ಬಳಿಕ ಒಂದು ವಿಚಾರಣಾ ಸಮಿತಿ ನೇಮಕವಾಯಿತು. ಬೇಕೆಂದು ಯಾರೋ ಬೆಂಕಿ ಹಚ್ಚಿದರೆಂದು ಅದು ಹೇಳಲಿಲ್ಲ. ಬೆಂಕಿ ಹತ್ತಿಯಲ್ಲಿ ಹುಟ್ಟಿರಬೇಕು ಎಂದು ಹೇಳಿತು. ಜೊತೆಗೆ ಅನೇಕ ತಪ್ಪುಗಳನ್ನು ಎತ್ತಿ ತೋರಿಸಿತು. ಸ್ಫೋಟಕಗಳ ಕೆಳಗೆ ಹತ್ತಿಯನ್ನು ತುಂಬಿದ್ದರು. ಅಪಾಯಕಾರಿ ಮಾಲು ಇದೆ ಎಂದು ತಿಳಿಸುವ ಕೆಂಪು ಬಾವುಟವನ್ನು ಹಾರಿಸಿರಲಿಲ್ಲ. ಸ್ಫೋಟಕಗಳನ್ನು ಇಳಿಸಲು ತಡಮಾಡಿದ್ದರು. ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸುವುದಕ್ಕೂ ತಡವಾಗಿತ್ತು. ಒಂದೊಂದು ತಪ್ಪೂ ಸಣ್ಣದಾಗಿ ಕಾಣುತ್ತದೆ. ಎಲ್ಲ ಕೂಡಿದಾಗ ಒಂದು ನಗರದ ಭಾಗವೇ ಸುಟ್ಟುಹೋಯಿತು.

ಆಗ ಸರ್ಕಾರವು ಈ ದುರಂತದ ಹೊಣೆಯನ್ನು ತಾನು ಹೊತ್ತುಕೊಂಡಿತು. ಅದೇ ವರ್ಷ ಪರಿಹಾರಕ್ಕಾಗಿ ಒಂದು ವಿಶೇಷ ಸುಗ್ರೀವಾಜ್ಞೆ ಬಂದಿತು. ಆಸ್ತಿ ಕಳೆದುಕೊಂಡು ಅರ್ಜಿ ಸಲ್ಲಿಸಿದವರಿಗೆ ಹಣ ಕೊಡಲಾಯಿತು. ಬಂದರಿನ ಸುತ್ತಲಿನ ಅಂಗಡಿಕಾರರು ಹಡಗನ್ನು ಹತ್ತಿರದಿಂದ ನೋಡಿಯೂ ಇರಲಿಕ್ಕಿಲ್ಲ. ಅದರೊಳಗೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೂ ನಷ್ಟ ಅವರಿಗೇ ಆಯಿತು. ಅದನ್ನು ಅವರ ಹಣೆಬರಹ ಎಂದು ಬಿಡುವುದು ನ್ಯಾಯವಾಗುತ್ತಿರಲಿಲ್ಲ.

ನ್ಯಾಯಾಲಯ ಕೇಳುವ ಪ್ರಶ್ನೆಗಳು

ಈಗ ನಮ್ಮ ಪೇಟೆಯ ಖಾನಾವಳಿಗೆ ಮರಳೋಣ. ಬಟ್ಟೆ ಅಂಗಡಿಯವರು ಪರಿಹಾರ ಕೇಳಿ ದಿವಾಣಿ ನ್ಯಾಯಾಲಯಕ್ಕೆ ಹೋದರು ಎನ್ನೋಣ. ನ್ಯಾಯಾಲಯವು ಮುಖ್ಯವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ.

1. ಖಾನಾವಳಿಯವರಿಗೆ ನೆರೆಯವರ ಬಗ್ಗೆ ಕಾಳಜಿ ಮಾಡುವ ಕರ್ತವ್ಯವಿತ್ತೆ? ಇತ್ತು. ಬೆಂಕಿಯನ್ನು ಬಳಸುವವರು ಅದು ಪಕ್ಕಕ್ಕೆ ಹಬ್ಬದಂತೆ ನೋಡಿಕೊಳ್ಳಬೇಕು.

2. ಆ ಕರ್ತವ್ಯವನ್ನು ಅವರು ಮಾಡಿದರೆ? ಗ್ಯಾಸಿನ ನಳಿಗೆ ಬಿರುಕು ಬಿಟ್ಟಿತ್ತು, ಬದಲಿಸಿರಿ ಎಂದು ರಿಪೇರಿಯವರು ಹೇಳಿದ್ದರು, ಆದರೂ ಬದಲಿಸಲಿಲ್ಲ. ಹೀಗಿದ್ದರೆ ಅದು ನಿಷ್ಕಾಳಜಿ. ಅದು ಬಣವೆ ಕೀಳಿಸದ ಮೆನ್‌ಲವ್‌ನ ತಪ್ಪಿನಂಥದೇ ತಪ್ಪು.

3. ನಷ್ಟವು ಆ ತಪ್ಪಿನಿಂದಲೇ ಆಯಿತೆ? ಗ್ಯಾಸಿನ ನಳಿಗೆ ಹಳೆಯದಿತ್ತು, ಆದರೆ ಬೆಂಕಿ ಹುಟ್ಟಿದ್ದು ಸಿಡಿಲಿನಿಂದ ಎಂದಾದರೆ ಉತ್ತರ ಬೇರೆಯಾಗುತ್ತದೆ.

4. ನಷ್ಟ ಎಷ್ಟು? ಸುಟ್ಟ ಮಾಲಿನ ಬೆಲೆ ಎಷ್ಟು ಎಂಬುದನ್ನು ಬಿಲ್ಲುಗಳಿಂದಲೂ ಲೆಕ್ಕದ ವಹಿಯಿಂದಲೂ ತೋರಿಸಬೇಕು.

ಬೆಂಕಿ ಹಚ್ಚಿದವರು ಖಾನಾವಳಿಯ ಕೆಲಸಗಾರರಾಗಿದ್ದರೆ? ಅವರು ಮಾಲೀಕರ ಕೆಲಸವನ್ನೇ ಮಾಡುತ್ತಿದ್ದರೆ ಮಾಲೀಕರೂ ಹೊಣೆಗಾರರು. ಕೆಲಸದ ಲಾಭ ಮಾಲೀಕರಿಗೆ, ನಷ್ಟ ಮಾತ್ರ ಕೆಲಸಗಾರರಿಗೆ ಎಂಬುದನ್ನು ಕಾನೂನು ಒಪ್ಪುವುದಿಲ್ಲ.

ಒಮ್ಮೊಮ್ಮೆ ತಪ್ಪು ಖಾನಾವಳಿಯವರದಾಗಿರುವುದಿಲ್ಲ. ಹೊಸದಾಗಿ ತಂದ ಒಲೆಯಲ್ಲಿಯೇ ಕಣ್ಣಿಗೆ ಕಾಣದ ದೋಷವಿರಬಹುದು. ಆಗ ಹೊಣೆ ಒಲೆಯನ್ನು ತಯಾರಿಸಿದವರ ಮೇಲೆ ಬರಬಹುದು. ಕೆಟ್ಟ ವಾಯರಿಂಗು ಕಾರಣವಾಗಿದ್ದರೆ, ಅದನ್ನು ರಿಪೇರಿ ಮಾಡಿಸಬೇಕಾಗಿದ್ದ ಕಟ್ಟಡದ ಮಾಲೀಕರು ಉತ್ತರ ಹೇಳಬೇಕಾಗಬಹುದು. ಇನ್ನೊಮ್ಮೆ ನಷ್ಟ ಹೊಂದಿದವರದೂ ಸ್ವಲ್ಪ ತಪ್ಪಿರುತ್ತದೆ. ಬಟ್ಟೆ ಅಂಗಡಿಯವರು ಪೆಟ್ರೋಲಿನ ಡಬ್ಬಿಗಳನ್ನು ಆ ಗೋಡೆಗೇ ತಾಗಿಸಿ ಇಟ್ಟಿದ್ದರೆ, ಅವರಿಗೆ ಸಿಗುವ ಪರಿಹಾರ ಅಷ್ಟು ಕಡಿಮೆಯಾಗಬಹುದು.

ಆದ್ದರಿಂದ ಬೆಂಕಿ ಆರಿದ ಕೂಡಲೇ "ಇವರೇ ತಪ್ಪಿತಸ್ಥರು" ಎಂದು ಕೂಗಬಾರದು. ಗುಂಪು ಕಟ್ಟಿ ಜಗಳಕ್ಕೆ ಹೋಗಬಾರದು. ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂಬುದನ್ನು ಪರೀಕ್ಷಿಸಲು ಅಧಿಕಾರಿಗಳು ಬರುತ್ತಾರೆ. ಅವರು ಪಂಚರ ಎದುರಿನಲ್ಲಿ ಪಂಚನಾಮೆ ಬರೆಯುತ್ತಾರೆ. ಅಲ್ಲಿಯವರೆಗೆ ಸುಟ್ಟ ವಸ್ತುಗಳನ್ನು ಆಚೀಚೆ ಮಾಡಬಾರದು. ಫೋಟೋ ತೆಗೆದು ಇಡಬೇಕು. ನೋಡಿದವರು ನೋಡಿದ್ದನ್ನು ಮಾತ್ರ ಹೇಳಬೇಕು. ನ್ಯಾಯ ಸಿಗುವುದು ಸಾಕ್ಷಿಗಳಿಂದ.

ಶಿಕ್ಷೆ ಬೇರೆ, ಪರಿಹಾರ ಬೇರೆ

ಶಿಕ್ಷೆ ಮತ್ತು ಪರಿಹಾರ ಎರಡೂ ಒಂದೇ ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ.

ಭಾರತೀಯ ನ್ಯಾಯ ಸಂಹಿತೆ ಎಂಬ ಕಾನೂನು 2024 ರ ಜುಲೈ 1 ರಿಂದ ಜಾರಿಗೆ ಬಂದಿದೆ. ಅದಕ್ಕೂ ಮೊದಲು 1860 ರ ಭಾರತೀಯ ದಂಡ ಸಂಹಿತೆ ಇತ್ತು. ಹೊಸ ಕಾನೂನಿನ 287 ನೆಯ ಕಲಮಿನಂತೆ, ಬೆಂಕಿಯನ್ನು ಅಥವಾ ಬೇಗ ಹೊತ್ತುವ ವಸ್ತುವನ್ನು ಜನರ ಜೀವಕ್ಕೆ ಅಪಾಯವಾಗುವಂತೆ ನಿಷ್ಕಾಳಜಿಯಿಂದ ಬಳಸುವುದು ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 2,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಇದು ಶಿಕ್ಷೆ. ಈ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ತಪ್ಪು ಮಾಡಿದವರು ಸೆರೆಮನೆಗೆ ಹೋದ ಮಾತ್ರಕ್ಕೆ ಹೊಲಿಗೆಯವರ ಯಂತ್ರಗಳು ಮರಳಿ ಬರುವುದಿಲ್ಲ. ಅವರಿಗೆ ಮತ್ತೆ ಕೆಲಸ ಆರಂಭಿಸಲು ಹಣ ಬೇಕು. ಅದಕ್ಕಾಗಿ ಇರುವುದು ಪರಿಹಾರ. ಪರಿಹಾರದ ಉದ್ದೇಶ ಸೇಡು ತೀರಿಸಿಕೊಳ್ಳುವುದಲ್ಲ. ನಷ್ಟ ಹೊಂದಿದವರು ಬೆಂಕಿಗೆ ಮೊದಲು ಹೇಗಿದ್ದರೋ, ಆದಷ್ಟು ಮಟ್ಟಿಗೆ ಅವರನ್ನು ಅದೇ ಸ್ಥಿತಿಗೆ ತರುವುದು. ನೆರೆಹೊರೆಯವರು ಕುಳಿತು ಮಾತಾಡಿ ಪರಿಹಾರವನ್ನು ಒಪ್ಪಿಕೊಂಡರೆ ಇನ್ನೂ ಒಳ್ಳೆಯದು.

ಅಂಗಡಿಗೆ ವಿಮೆ ಇದ್ದರೆ ವಿಮಾ ಸಂಸ್ಥೆಯಿಂದಲೂ ಹಣ ಸಿಗುತ್ತದೆ. ಆದರೆ ವಿಮೆ ಇದೆ ಎಂದು ಕಾಳಜಿ ಬಿಡಬಾರದು. ಮೆನ್‌ಲವ್‌ನಿಗೂ ವಿಮೆ ಇತ್ತು. ವಾನನ ಮನೆಗಳು ಮಾತ್ರ ಸುಟ್ಟವು.

ಹೆಚ್ಚು ಅಪಾಯ, ಹೆಚ್ಚು ಹೊಣೆ

ಕೆಲವು ಉದ್ಯೋಗಗಳು ಸ್ವಭಾವದಿಂದಲೇ ಅಪಾಯಕಾರಿಯಾಗಿವೆ. 1984 ರ ಡಿಸೆಂಬರ್ 2 ರ ರಾತ್ರಿ ಭೋಪಾಳದ ಒಂದು ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನರು ಸತ್ತರು. ಮರುವರ್ಷ, ಅಂದರೆ 1985 ರ ಡಿಸೆಂಬರದಲ್ಲಿ, ದಿಲ್ಲಿಯ ಒಂದು ಕಾರ್ಖಾನೆಯಿಂದಲೂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986 ರಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿತು. ಅತಿ ಅಪಾಯಕಾರಿ ಉದ್ಯೋಗವನ್ನು ನಡೆಸುವವರು, ಅದರಿಂದ ಜನರಿಗೆ ಹಾನಿಯಾದರೆ ಪೂರ್ಣ ಹೊಣೆಗಾರರು. "ನಾವು ಎಲ್ಲ ಕಾಳಜಿ ಮಾಡಿದ್ದೆವು" ಎಂಬ ಉತ್ತರವೂ ಅಲ್ಲಿ ನಡೆಯುವುದಿಲ್ಲ. ಇಂಥ ಉದ್ಯೋಗಗಳು ಜನರ ಪರಿಹಾರಕ್ಕಾಗಿ ಮೊದಲೇ ವಿಮೆ ಮಾಡಿಸಬೇಕೆಂದು 1991 ರಲ್ಲಿ ಕಾನೂನೂ ಬಂದಿತು.

ಬೀಳುವ ಮೊದಲೇ ತಡೆಯೋಣ

ಪರಿಹಾರ ಎಷ್ಟೇ ಸಿಕ್ಕರೂ ಹೋದ ಜೀವ ಮರಳಿ ಬರುವುದಿಲ್ಲ. ಆದ್ದರಿಂದ ಬೆಂಕಿ ಬೀಳದಂತೆ ನೋಡಿಕೊಳ್ಳುವುದೇ ಮೇಲು. ಮಹಾರಾಷ್ಟ್ರ ರಾಜ್ಯದಲ್ಲಿ ಇದಕ್ಕಾಗಿ 2006 ರಲ್ಲಿ ಒಂದು ಕಾನೂನನ್ನು ಮಾಡಿದ್ದಾರೆ. ಅದಕ್ಕೆ ಒಳಪಟ್ಟ ಕಟ್ಟಡಗಳಲ್ಲಿ ಬೆಂಕಿಯನ್ನು ತಡೆಯುವ ಸಾಧನಗಳನ್ನು ಇಡುವುದು ಮಾಲೀಕರ ಅಥವಾ ಅಲ್ಲಿ ಇರುವವರ ಕರ್ತವ್ಯ. ಅವು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ತಿಂಗಳಲ್ಲಿ ಕೊಡಬೇಕು.

ಕಾನೂನು ಹೇಳುವವರೆಗೆ ಕಾಯದೆ ನಾವೂ ಕೆಲವು ಕೆಲಸಗಳನ್ನು ಮಾಡಬಹುದು. ಬಣವೆಗಳನ್ನು ಮನೆಯಿಂದಲೂ ನೆರೆಯವರ ಬಣವೆಯಿಂದಲೂ ದೂರ ಒಟ್ಟಬೇಕು. ವಿದ್ಯುತ್ ತಂತಿಯ ಕೆಳಗೆ ಒಟ್ಟಬಾರದು. ಕಣಿಕೆ ಚೆನ್ನಾಗಿ ಒಣಗಿದ ಮೇಲೆಯೇ ಒಟ್ಟಬೇಕು. ಹೊಲದಲ್ಲಿ ಕಸ ಸುಟ್ಟು ಹಾಗೆಯೇ ಮನೆಗೆ ಬರಬಾರದು. ಅಂಗಡಿಯಲ್ಲಿ ಮರಳು ತುಂಬಿದ ಬಕೆಟ್ ಇಡಬೇಕು. ನೀರು ಕಡಿಮೆಯಿರುವ ನಮ್ಮ ಭಾಗದಲ್ಲಿ ಮರಳು ಬಹಳ ಉಪಯುಕ್ತ. ಉರಿಯುವ ಎಣ್ಣೆಯ ಮೇಲೆ ನೀರು ಹಾಕಬಾರದು. ಎಣ್ಣೆ ಸಿಡಿದು ಬೆಂಕಿ ಹೆಚ್ಚಾಗುತ್ತದೆ. ಬೆಂಕಿ ಕಂಡ ಕೂಡಲೇ ದೊಡ್ಡವರನ್ನು ಕೂಗಿ ಕರೆಯಿರಿ. 101 ಅಥವಾ 112 ಕ್ಕೆ ಫೋನು ಮಾಡಿಸಿರಿ. ನೀವು ಬೆಂಕಿಯ ಹತ್ತಿರ ಹೋಗಬೇಡಿರಿ.

ಮಕ್ಕಳೇ, ನಮ್ಮ ಮನೆ ನಮ್ಮದು, ನಮ್ಮ ಅಂಗಡಿ ನಮ್ಮದು ಎಂಬುದು ನಿಜ. ಅಲ್ಲಿ ಒಲೆ ಹೊತ್ತಿಸುವ ಹಕ್ಕೂ ನಮ್ಮದು. ಆದರೆ ಆ ಒಲೆಯ ಕಿಡಿ ಎಲ್ಲಿಯವರೆಗೆ ಹಾರಬಲ್ಲದೋ ಅಲ್ಲಿಯವರೆಗೂ ನಮ್ಮ ಕಾಳಜಿ ಇರಬೇಕು. ಪಕ್ಕದ ಅಂಗಡಿಯವರು ರಾತ್ರಿ ಬಾಗಿಲು ಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗುವುದು ಈ ನಂಬಿಕೆಯ ಮೇಲೆಯೇ.

ಶಬ್ದಾರ್ಥ

ನಿಷ್ಕಾಳಜಿ – ಮಾಡಬೇಕಾದ ಎಚ್ಚರಿಕೆಯನ್ನು ಮಾಡದಿರುವುದು
ಹೊಣೆಗಾರ – ಜವಾಬ್ದಾರಿಯುಳ್ಳವನು
ಪರಿಹಾರ – ಆದ ನಷ್ಟವನ್ನು ತುಂಬಿಕೊಡುವ ಹಣ
ದಿವಾಣಿ ನ್ಯಾಯಾಲಯ – ಆಸ್ತಿ, ಹಣ, ನಷ್ಟಗಳ ವ್ಯಾಜ್ಯವನ್ನು ಬಗೆಹರಿಸುವ ನ್ಯಾಯಾಲಯ
ಸುಗ್ರೀವಾಜ್ಞೆ – ತುರ್ತಾಗಿ ಹೊರಡಿಸುವ ಕಾನೂನು
ಪಂಚನಾಮೆ – ಘಟನೆ ನಡೆದ ಸ್ಥಳವನ್ನು ನೋಡಿ ಪಂಚರ ಎದುರಿನಲ್ಲಿ ಬರೆದ ವರದಿ

ಸ್ವಾಧ್ಯಾಯ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಬೆಂಕಿ ಬೀಳುವ ಮೂರು ಬಗೆಗಳು ಯಾವವು?
2. ಅಗ್ನಿಶಾಮಕ ಸೇವಾ ದಿನವನ್ನು ಯಾವಾಗ ಆಚರಿಸುತ್ತಾರೆ?
3. ಉರಿಯುವ ಎಣ್ಣೆಯ ಮೇಲೆ ನೀರನ್ನು ಏಕೆ ಹಾಕಬಾರದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಮೆನ್‌ಲವ್‌ನ ವಾದವನ್ನು ನ್ಯಾಯಾಧೀಶರು ಏಕೆ ಒಪ್ಪಲಿಲ್ಲ?
2. ಮುಂಬಯಿ ಬಂದರಿನಲ್ಲಿ ಆದ ತಪ್ಪುಗಳು ಯಾವವು?
3. ಶಿಕ್ಷೆಗೂ ಪರಿಹಾರಕ್ಕೂ ಇರುವ ವ್ಯತ್ಯಾಸವೇನು?

ಇ) ವಿಚಾರ ಮಾಡಿ ಹೇಳಿರಿ.
ಒಬ್ಬ ರೈತರು ಗಾಳಿ ಬೀಸುವ ದಿನ ಹೊಲದಲ್ಲಿ ಕಸಕ್ಕೆ ಬೆಂಕಿ ಹಚ್ಚಿದರು. ಕಿಡಿ ಹಾರಿ ಪಕ್ಕದ ಹೊಲದ ಬಣವೆ ಸುಟ್ಟಿತು. ಹೊಣೆ ಯಾರದು? ಏಕೆ?

ಉಪಕ್ರಮ
ನಿಮ್ಮ ಶಾಲೆಯಲ್ಲಿ ಮತ್ತು ಓಣಿಯಲ್ಲಿ ಬೆಂಕಿಯ ಅಪಾಯವಿರುವ ಸ್ಥಳಗಳನ್ನು ಗುರುಗಳ ಜೊತೆ ನೋಡಿ ಬನ್ನಿರಿ. ಅವುಗಳ ಯಾದಿಯನ್ನು ಮಾಡಿ ವರ್ಗದಲ್ಲಿ ಓದಿರಿ.